ಕೆಲಸ ಮಾಡುವ ಹರಳುಗಳು

ಕಳೆದ ವರ್ಷದ ಪೋಷಕರ ಸಭೆಯ ದಿನ, ಮಧುಗಿರಿಗೆ ಸಮೀಪದ ಗ್ರಾಮವೊಂದರಿಂದ ಬಂದಿದ್ದ ತಂದೆಯವರೊಬ್ಬರು ನಮ್ಮ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇರಿಸಿದ್ದ ಗಾಜಿನ ಲೋಟಗಳನ್ನು ಬಹಳ ಹೊತ್ತು ನೋಡಿದರು. ಪ್ರತಿಯೊಂದು ಲೋಟದ ಬಾಯಿಗೂ ಅಡ್ಡಲಾಗಿ ಒಂದು ಕಡ್ಡಿ, ಕಡ್ಡಿಯಿಂದ ಇಳಿಬಿಟ್ಟ ಒಂದು ದಾರ, ದಾರದ ತುದಿಯಲ್ಲಿ ಒಂದು ಹರಳು. ಲೋಟಕ್ಕೆ ಅಂಟಿಸಿದ ಚೀಟಿಯಲ್ಲಿ ಒಬ್ಬೊಬ್ಬ ಹುಡುಗಿಯ ಹೆಸರು. ತಮ್ಮ ಮಗಳ ಹೆಸರನ್ನು ಗುರುತಿಸಿ ಅವರು ಸಂತೋಷಪಟ್ಟರು. ಅನಂತರ ಸಂಕೋಚದಿಂದಲೇ, "ಮೇಡಂ, ಈ ಪಟಿಕದ ನೀರಿಗೆ ಪರೀಕ್ಷೆಯಲ್ಲಿ ಎಷ್ಟು ಮಾರ್ಕು ಬರುತ್ತದೆ?" ಎಂದು ಕೇಳಿದರು.

ಆ ಪ್ರಶ್ನೆಯು ಅನುಚಿತವಾದುದಲ್ಲ. ಮಳೆಯನ್ನು ನಂಬಿ ಬೇಸಾಯ ಮಾಡಿ, ಬಂದ ಸ್ವಲ್ಪದರಲ್ಲಿಯೇ ಮಗಳ ಓದಿಗೆಂದು ಹಣವನ್ನು ಎತ್ತಿಡುವ ತಾಯ್ತಂದೆಗಳು, ಅವಳು ಶಾಲೆಯಲ್ಲಿ ಕಳೆಯುವ ಒಂದೊಂದು ಗಂಟೆಗೂ ಲೆಕ್ಕ ಕೇಳುವುದು ನ್ಯಾಯವಾದುದೇ. "ಇದು ಮಾರ್ಕಿಗಾಗಿ ಅಲ್ಲ, ತಿಳಿವಳಿಕೆಗಾಗಿ" ಎಂದು ನಾನು ಆ ದಿನ ಹೇಳಿದೆನು. ಅದು ಉತ್ತರವಾಗಲಿಲ್ಲವೆಂಬುದನ್ನು ಅವರ ಮುಖವೇ ತಿಳಿಸಿತು. ಆದುದರಿಂದ, ನಮ್ಮ ಹುಡುಗಿಯರು ಆ ಲೋಟಗಳ ಮುಂದೆ ಕುಳಿತು ಏನನ್ನು ಕಲಿಯುತ್ತಾರೆ, ಅದರಿಂದ ಅವರಿಗೂ ಅವರ ಮನೆಯವರಿಗೂ ಆಗುವ ಪ್ರಯೋಜನವೇನು ಎಂಬುದನ್ನು ಈ ಸಂಚಿಕೆಯ ಮೂಲಕ ಎಲ್ಲ ಪೋಷಕರಿಗೂ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ವಿವರವಾಗಿ ಅರಿಕೆ ಮಾಡಿಕೊಳ್ಳಬೇಕೆಂದು ಮನಸ್ಸು ಮಾಡಿದ್ದೇನೆ.

ಹರಳೆಂದರೇನು?

ಹರಳು ಎಂದೊಡನೆ ಉಂಗುರದ ಕೆಂಪು, ಮೂಗುಬೊಟ್ಟಿನ ಬಿಳಿಯ ಕಲ್ಲು ನೆನಪಿಗೆ ಬರುವುದು ಸಹಜ. ಆದರೆ ಅಡಿಗೆಯ ಮನೆಯಲ್ಲಿಯೇ ಹರಳುಗಳ ಭಂಡಾರವುಂಟು. ಕಲ್ಲುಪ್ಪು ಹರಳು, ಸಕ್ಕರೆ ಹರಳು, ಕಲ್ಲುಸಕ್ಕರೆಯು ಅದಕ್ಕಿಂತ ದೊಡ್ಡ ಹರಳು. ಚಳಿಗಾಲದಲ್ಲಿ ಸೀಸೆಯ ಜೇನುತುಪ್ಪವು ಗಟ್ಟಿಯಾಗಿ ತರಿತರಿಯಾದರೆ, ಮಾರಿದವನು ಸಕ್ಕರೆ ಬೆರೆಸಿದ್ದಾನೆಂದು ಮನೆಯವರು ಬೈಯುವುದುಂಟು. ಒಳ್ಳೆಯ ಜೇನಿನಲ್ಲಿಯೂ ಗ್ಲೂಕೋಸ್ ಎಂಬ ಸಕ್ಕರೆಯು ತಂಪಿನಲ್ಲಿ ಹರಳುಗಟ್ಟುವುದು. ಸೀಸೆಯನ್ನು ಬೆಚ್ಚಗಿನ ನೀರಿನಲ್ಲಿಟ್ಟರೆ ಮರಳಿ ಕರಗುವುದು. ಜೇನಿನ ಹೆಸರನ್ನೇ ಹೊತ್ತ ಊರಿನವರಾದ ನಾವು ಇಷ್ಟನ್ನಾದರೂ ತಿಳಿದಿರಬೇಕು.

ಹರಳಿನ ಗುಟ್ಟು ಅದರ ಒಳಗಿನ ಕ್ರಮದಲ್ಲಿದೆ. ಇದನ್ನು ಹುಡುಗಿಯರಿಗೆ ತಿಳಿಸುವಾಗ ನಾನು ಚುಕ್ಕಿ ರಂಗೋಲಿಯ ಉದಾಹರಣೆಯನ್ನು ಕೊಡುವೆನು. ಅಂಗಳದಲ್ಲಿ ಸಮದೂರದಲ್ಲಿ ಸಾಲುಸಾಲಾಗಿ ಇಟ್ಟ ಚುಕ್ಕಿಗಳ ಹಾಗೆ, ಹರಳಿನೊಳಗೆ ಪದಾರ್ಥದ ಕಣಗಳು ತಮ್ಮ ತಮ್ಮ ಸ್ಥಾನದಲ್ಲಿ ನಿಂತಿವೆ. ಅಂಗಳದ ರಂಗೋಲಿ ನೆಲದ ಮೇಲೆ ಮಾತ್ರ ಹರಡುವುದು. ಹರಳಿನ ರಂಗೋಲಿಯಾದರೋ ಮೇಲಕ್ಕೂ ಕೆಳಕ್ಕೂ ಅದೇ ಕ್ರಮದಲ್ಲಿ ಲಕ್ಷಾಂತರ ಸಾಲು ಮುಂದುವರಿಯುವುದು. ಗಾಜು ಎಷ್ಟು ಹೊಳೆದರೂ ಹರಳಲ್ಲ. ಅದರ ಕಣಗಳು ನೆಲಕ್ಕೆ ಚೆಲ್ಲಿದ ರಾಗಿಯಂತೆ ಕ್ರಮವಿಲ್ಲದೆ ಬಿದ್ದಿವೆ.

ಈ ಕ್ರಮದ ದೆಸೆಯಿಂದಲೇ ಕೆಲವು ಹರಳುಗಳು ನಮಗೆ ಕೆಲಸ ಮಾಡಿಕೊಡುತ್ತವೆ. ಒಂದನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದು; ಮತ್ತೊಂದರ ಮೇಲೆ ಬಿಸಿಲು ಬಿದ್ದರೆ ವಿದ್ಯುತ್ತು ಹರಿಯುವುದು; ಇನ್ನೊಂದು ನೀರಿನ ತೇವವನ್ನು ಕಂಡೊಡನೆ ಬಣ್ಣ ಬದಲಿಸುವುದು. ವಿಜ್ಞಾನಿಗಳು ಇವನ್ನು ಕ್ರಿಯಾಶೀಲ ಹರಳು ಪದಾರ್ಥಗಳೆಂದು ಕರೆಯುವರು. ನಮ್ಮ ತರಗತಿಯಲ್ಲಿ ಇವಕ್ಕೆ 'ಕೆಲಸ ಮಾಡುವ ಹರಳುಗಳು' ಎಂದೇ ಹೆಸರು.

ಬೆಟ್ಟದ ಪಾಠ

ನಮ್ಮ ಮೊದಲನೆಯ ಪಾಠಕ್ಕೆ ಒಂದು ಭೂತಕನ್ನಡಿಯೂ ರಸ್ತೆಯ ಬದಿಯಲ್ಲಿ ಬಿದ್ದಿರುವ ಜಲ್ಲಿಯ ಚೂರೂ ಸಾಕು. ಸಮುದ್ರಮಟ್ಟದಿಂದ ಸುಮಾರು ೧,೨೦೦ ಮೀಟರು ಎತ್ತರಕ್ಕೆ ಎದ್ದಿರುವ ನಮ್ಮ ಏಕಶಿಲಾ ಬೆಟ್ಟವನ್ನು ದಿನವೂ ನೋಡುವ ಹುಡುಗಿಯರು, ಆ ಕಲ್ಲಿನ ಚೂರನ್ನು ಕನ್ನಡಿಯ ಕೆಳಗಿಟ್ಟಾಗ ಅದನ್ನು ಮೊದಲ ಬಾರಿಗೆ ನೋಡಿದವರಂತೆ ಬೆರಗಾಗುವರು. ಬೂದುಬಣ್ಣದ ಒಂದೇ ಕಲ್ಲೆಂದು ತಿಳಿದಿದ್ದುದು ಮೂರು ಬಗೆಯ ಹರಳುಗಳ ಕೂಟವಾಗಿ ಕಾಣುವುದು. ಗಾಜಿನಂತೆ ಹೊಳೆಯುವ ಕಣಗಳು ಬೆಣಚುಕಲ್ಲು. ಚಪ್ಪಟೆಯ ಮುಖಗಳುಳ್ಳ ಬಿಳಿಯ ಅಥವಾ ನಸುಗೆಂಪಿನ ತುಂಡುಗಳು ಫೆಲ್ಡ್‌ಸ್ಪಾರ್. ಉಗುರಿನಿಂದ ಎಬ್ಬಿಸಿದರೆ ಪದರವಾಗಿ ಏಳುವ ಕರಿಯ ಚುಕ್ಕೆಗಳು ಕಾಗೆಬಂಗಾರ.

ಹಿಂದೆ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ರಾಮನಗರದ ಹೆಸರಿನಿಂದ ಭೂವಿಜ್ಞಾನಿಗಳು 'ಕ್ಲೋಸ್‌ಪೇಟೆ ಗ್ರಾನೈಟು' ಎಂದು ಕರೆಯುವ ಶಿಲೆಯ ಪಟ್ಟಿಯೊಂದು ದಕ್ಷಿಣದಿಂದ ಉತ್ತರಕ್ಕೆ ಹಬ್ಬಿದೆ. ಮಧುಗಿರಿ, ಪಾವಗಡಗಳ ಬೆಟ್ಟಗಳು ಅದರ ಭಾಗಗಳೇ. ಸುಮಾರು ೨೫೦ ಕೋಟಿ ವರ್ಷಗಳ ಹಿಂದೆ ನೆಲದ ಆಳದಲ್ಲಿ ಕರಗಿದ ಕಲ್ಲು ಬಹು ನಿಧಾನವಾಗಿ ಆರಿ ಇದು ಹುಟ್ಟಿತು. ನಿಧಾನವಾಗಿ ಆರಿತೆಂದು ಹೇಗೆ ತಿಳಿಯಿತು? ಹರಳುಗಳು ಕಣ್ಣಿಗೆ ಕಾಣುವಷ್ಟು ದೊಡ್ಡವಾಗಿರುವುದರಿಂದ ತಿಳಿಯಿತು. ಈ ಮಾತನ್ನು ಹುಡುಗಿಯರು ಪುಸ್ತಕದಿಂದ ನಂಬಬೇಕಾಗಿಲ್ಲ. ಮುಂದಿನ ವಾರ ಅವರೇ ಪಟಿಕದಿಂದ ಅದನ್ನು ಪರೀಕ್ಷಿಸಿ ನೋಡುವರು.

ಪಟಿಕದ ಪಾಠ

ಕ್ಷೌರಿಕರ ಪೆಟ್ಟಿಗೆಯಲ್ಲಿಯೂ, ಕದಡಿದ ನೀರನ್ನು ತಿಳಿಗೊಳಿಸುವ ಮನೆಗಳಲ್ಲಿಯೂ ಇರುವ ಪಟಿಕವನ್ನು ಎಲ್ಲರೂ ಬಲ್ಲರು. ಆ ಮಾತು ಹುಟ್ಟಿದ್ದೇ 'ಸ್ಫಟಿಕ'ದಿಂದ. ೧೦೦ ಮಿಲಿಲೀಟರು ಬಿಸಿನೀರಿಗೆ ಸುಮಾರು ೨೫ ಗ್ರಾಮು ಪಟಿಕದ ಪುಡಿಯನ್ನು ಹಾಕಿ, ಪೂರ್ಣವಾಗಿ ಕರಗಿಸಿ, ಬಟ್ಟೆಯಲ್ಲಿ ಸೋಸಿ ಎರಡು ಪಾಲು ಮಾಡುವೆವು. ಒಂದು ಪಾಲನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಕಲಕುತ್ತ ಬೇಗನೆ ಆರಿಸುವೆವು. ಮತ್ತೊಂದನ್ನು ದಪ್ಪ ಬಟ್ಟೆಯಿಂದ ಸುತ್ತಿ ಅಲುಗದಂತೆ ಇಡುವೆವು. ಮರುದಿನ ನೋಡಿದರೆ, ಮೊದಲನೆಯದರ ತಳದಲ್ಲಿ ಸಣ್ಣ ರವೆಯಂತಹ ಪುಡಿ. ಎರಡನೆಯದರಲ್ಲಿ ಮುಖಮುಖವಾಗಿ ಹೊಳೆಯುವ ಹರಳುಗಳು. ಬೆಟ್ಟ ನಿಧಾನವಾಗಿ ಆರಿತೆಂಬ ಮಾತಿಗೆ ಹುಡುಗಿಯರು ತಾವೇ ಸಾಕ್ಷಿಗಳಾಗುವರು.

ಅನಂತರ ಅವುಗಳಲ್ಲಿ ಅಂದವಾದ ಒಂದು ಸಣ್ಣ ಹರಳನ್ನು ಬೀಜವಾಗಿ ಆರಿಸಿ, ದಾರಕ್ಕೆ ಕಟ್ಟಿ, ಇನ್ನು ಹೆಚ್ಚು ಕರಗದಷ್ಟು ಪಟಿಕವುಳ್ಳ ತಣ್ಣಗಿನ ದ್ರಾವಣದಲ್ಲಿ ಇಳಿಬಿಡುವೆವು. ನೀರು ದಿನದಿನಕ್ಕೆ ಆರಿದಂತೆಲ್ಲ, ಅದರಲ್ಲಿದ್ದ ಪಟಿಕದ ಕಣಗಳು ಬೀಜದ ಮೇಲೆ ಸಾಲುತಪ್ಪದೆ ಬಂದು ಕೂಡುವುವು. ಎರಡು ಮೂರು ವಾರಗಳಲ್ಲಿ ಎಂಟು ಮುಖಗಳ ಹರಳು ಬೆಳೆಯುವುದು. ಎಲ್ಲರ ಹರಳೂ ಒಂದೇ ಆಕಾರದ್ದೇಕೆ, ಉಪ್ಪಿನ ಹರಳು ಮಾತ್ರ ಚೌಕಪೆಟ್ಟಿಗೆಯಂತೆ ಏಕೆ ಎಂಬ ಪ್ರಶ್ನೆ ಆಗ ತಾನಾಗಿಯೇ ಏಳುವುದು. ಕಣಗಳ ಸಾಲಿನ ಕ್ರಮ ಬೇರೆಯಾದರೆ ಹೊರಗಿನ ಆಕಾರವೂ ಬೇರೆಯಾಗುವುದೆಂದು ಹೇಳಿದರೆ ಆಗ ಅವರಿಗೆ ಅರ್ಥವಾಗುವುದು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಂದು ತರಗತಿಯಲ್ಲಿ ಎಲ್ಲರೂ, ಬಟ್ಟೆ ಸುತ್ತಿಟ್ಟ ಲೋಟದಲ್ಲಿ ಮರುದಿನ ಹರಳುಗಳು ಕಟ್ಟಿದವೆಂದು ಪುಸ್ತಕದಲ್ಲಿ ಬರೆದು ತಂದಿದ್ದರು. ಒಬ್ಬಳು ಮಾತ್ರ "ಹರಳು ಕಟ್ಟಲಿಲ್ಲ, ನೀರು ತಿಳಿಯಾಗಿಯೇ ಇದೆ" ಎಂದು ಬರೆದಿದ್ದಳು. ಇವಳು ಪಟಿಕವನ್ನು ಅಳತೆಯಂತೆ ಹಾಕಿರಲಾರಳೆಂದು ತೀರ್ಮಾನಿಸಿ, ಕೆಂಪು ಶಾಯಿಯಲ್ಲಿ ಗೀಟೆಳೆದು, ಎಲ್ಲರ ಮುಂದೆ ಅವಳ ಅಜಾಗರೂಕತೆಯನ್ನು ತೋರಿಸುವುದಕ್ಕಾಗಿ ಲೋಟದ ಮುಚ್ಚಳವನ್ನು ತೆಗೆದು ಅಲುಗಾಡಿಸಿದೆನು. ಮುಚ್ಚಳದ ಅಂಚಿನಲ್ಲಿದ್ದ ಧೂಳೋ ಪಟಿಕದ ಒಣಗಿದ ಕಣವೋ ಒಳಕ್ಕೆ ಬಿದ್ದಿರಬೇಕು. ನಾವೆಲ್ಲರೂ ನೋಡುತ್ತಿದ್ದಂತೆಯೇ ತಿಳಿಯಾದ ನೀರಿನಲ್ಲಿ ಹರಳುಗಳು ಮಿನುಗುತ್ತ ಮೂಡಿ ತಳಕ್ಕೆ ಇಳಿಯತೊಡಗಿದವು. ಅವಳು ಎಲ್ಲರಿಗಿಂತ ಚೆನ್ನಾಗಿ ಸೋಸಿದ್ದಳು, ಎಲ್ಲರಿಗಿಂತ ಬಿಗಿಯಾಗಿ ಮುಚ್ಚಿದ್ದಳು. ಆದುದರಿಂದ ಕಣಗಳು ಒಂದರ ಮೇಲೊಂದು ಕೂಡಲು ಬೀಜವೇ ಇರಲಿಲ್ಲ. ತಣ್ಣಗಾದ ನೀರು ತನ್ನ ಶಕ್ತಿಗೆ ಮೀರಿದ ಪಟಿಕವನ್ನು ಹೊತ್ತುಕೊಂಡೇ ನಿಂತಿತ್ತು. ಇದಕ್ಕೆ ಅತಿಪರ್ಯಾಪ್ತ ದ್ರಾವಣವೆಂದು ಹೆಸರು. ಅನಂತರ ವಿಚಾರಿಸಿದಾಗ, ಉಳಿದವರಲ್ಲಿ ಇಬ್ಬರು ಲೋಟವನ್ನು ನೋಡದೆಯೇ ನೆರೆಯವಳದನ್ನು ನೋಡಿ ಬರೆದಿದ್ದರೆಂದು ತಿಳಿಯಿತು. ನಾನು ಕೆಂಪು ಗೀಟಿನ ಕೆಳಗೆ "ನನ್ನ ತಪ್ಪು" ಎಂದು ಬರೆದು ರುಜು ಹಾಕಿದೆನು. ಕಂಡುದನ್ನು ಕಂಡಂತೆ ಬರೆಯುವುದು ವಿಜ್ಞಾನದ ಮೊದಲ ಅಕ್ಷರ. ಅದನ್ನು ಆ ದಿನ ನಾನು ವಿದ್ಯಾರ್ಥಿನಿಯಿಂದ ಕಲಿತೆನು.

ಮೈಲುತುತ್ತದ ಪಾಠ

ದಾಳಿಂಬೆ, ಅಡಕೆ ಬೆಳೆಯುವ ಮನೆಗಳಲ್ಲಿ ಮೈಲುತುತ್ತವು ಅಪರಿಚಿತವಲ್ಲ; ಸುಣ್ಣದೊಡನೆ ಬೆರೆಸಿ ಬೋರ್ಡೋ ದ್ರಾವಣವೆಂದು ಗಿಡಗಳಿಗೆ ಸಿಂಪಡಿಸುವರು. ಅದು ವಿಷವಾದುದರಿಂದ ಬರಿಗೈಯಲ್ಲಿ ಮುಟ್ಟಕೂಡದು, ಪಾಠ ಮುಗಿದ ಮೇಲೆ ಕೈ ತೊಳೆಯದೆ ಹೊರಡಕೂಡದು ಎಂಬುದು ನಮ್ಮಲ್ಲಿ ಮೊದಲನೆಯ ನಿಯಮ. ಈ ಎಚ್ಚರವನ್ನು ಹುಡುಗಿಯರು ಮನೆಗೂ ಕೊಂಡೊಯ್ದು, ಸಿಂಪಡಿಸುವ ತಂದೆಯವರಿಗೂ ಅಣ್ಣಂದಿರಿಗೂ ಹೇಳಬೇಕೆಂಬುದು ನನ್ನ ಆಶೆ.

ನೀಲಿಯ ಹರಳುಗಳನ್ನು ೫ ಗ್ರಾಮು ತೂಗಿ, ಪ್ರನಾಳದಲ್ಲಿ ಹಾಕಿ, ಅದರ ಬಾಯಿಯನ್ನು ತುಸು ಕೆಳಕ್ಕೆ ಬಾಗಿಸಿ ಹಿಡಿದು ಮೆಲ್ಲಗೆ ಕಾಯಿಸುವೆವು. ಬಾಯಿಯನ್ನು ಬಾಗಿಸದಿದ್ದರೆ, ಹೊರಟ ಹಬೆ ನೀರಾಗಿ ಹಿಂದಕ್ಕೆ ಹರಿದು ಕಾದ ಗಾಜನ್ನು ಸೀಳುವುದು. ನೀಲಿಯು ಮಾಸಿ ಬಿಳಿಯ ಪುಡಿಯಾಗುವುದು. ಆರಿಸಿ ತೂಗಿದರೆ ೩.೨ ಗ್ರಾಮಿಗೆ ಸಮೀಪವಾಗಿರುವುದು. ಒಣಗಿದಂತೆ ಕಾಣುತ್ತಿದ್ದ ಹರಳಿನೊಳಗೆ ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚು ನೀರಿತ್ತು! ಆ ಬಿಳಿಯ ಪುಡಿಗೆ ಒಂದು ತೊಟ್ಟು ನೀರನ್ನು ಬಿಟ್ಟರೆ ನೀಲಿ ಮರಳುವುದು, ಪ್ರನಾಳವೂ ಬಿಸಿಯಾಗುವುದು. ನೀರು ಆ ಹರಳಿನ ಸಾಲುಗಳಲ್ಲಿ ತನ್ನದೇ ಸ್ಥಾನವುಳ್ಳ ಸದಸ್ಯ. ಅದು ಹೊರಟರೆ ರಂಗೋಲಿಯೇ ಕೆಡುವುದು, ಬಂದರೆ ಮತ್ತೆ ಕೂಡುವುದು. ಈ ಕಾರಣದಿಂದ ಬಿಳಿಯ ಮೈಲುತುತ್ತವು ತೇವದ ಕಾವಲುಗಾರನಾಗಿ ಕೆಲಸ ಮಾಡುವುದು: ಸ್ಪಿರಿಟ್ಟಿನಲ್ಲಿ ನೀರು ಬೆರೆತಿದೆಯೇ ಎಂಬುದನ್ನು ಅದು ಬಣ್ಣದಿಂದ ಹೇಳಿಬಿಡುವುದು.

ಹರಳಿನೊಳಗೆ ಸಾಲುಗಳಿವೆಯೆಂಬುದು ಬಹು ಕಾಲ ಊಹೆಯಾಗಿಯೇ ಇತ್ತು. ೧೯೧೨ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಲಾವೆ ಎಂಬ ವಿಜ್ಞಾನಿಯ ಸೂಚನೆಯಂತೆ ಫ್ರೀಡ್ರಿಕ್, ಕ್ನಿಪ್ಪಿಂಗ್ ಎಂಬಿಬ್ಬರು ಒಂದು ಹರಳಿನ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿದಾಗ, ಛಾಯಾಚಿತ್ರದ ಫಲಕದ ಮೇಲೆ ಚುಕ್ಕಿಗಳ ವಿನ್ಯಾಸವು ಮೂಡಿತು. ಆ ಮೊದಲನೆಯ ಹರಳು ಯಾವುದು? ನಮ್ಮ ರೈತರು ತೋಟಕ್ಕೆ ಒಯ್ಯುವ ಈ ಮೈಲುತುತ್ತವೇ.

ಒತ್ತಿದರೆ ವಿದ್ಯುತ್ತು

ಅಡಿಗೆಯ ಮನೆಯಲ್ಲಿ ಗ್ಯಾಸಿನ ಒಲೆಗೆ ಕಿಡಿ ಹಾರಿಸುವ ಲೈಟರನ್ನು ತಾಯಂದಿರು ದಿನವೂ ಒತ್ತುವರು. ಅದಕ್ಕೆ ಬ್ಯಾಟರಿಯಿಲ್ಲ, ಎಣ್ಣೆಯಿಲ್ಲ. ಕಿಡಿ ಎಲ್ಲಿಂದ ಬಂದಿತು? ಕೆಟ್ಟುಹೋದ ಒಂದನ್ನು ಬಿಚ್ಚಿ ತೋರಿಸಿದರೆ, ಒಳಗೆ ಒಂದು ಸ್ಪ್ರಿಂಗು, ಒಂದು ಸಣ್ಣ ಸುತ್ತಿಗೆ, ಸಣ್ಣ ಹರಳುಗಳು ಒತ್ತಾಗಿ ಕೂಡಿದ ಒಂದು ಗಟ್ಟಿ ತುಂಡು ಕಾಣುವುವು. ಸುತ್ತಿಗೆಯ ಪೆಟ್ಟು ಬಿದ್ದೊಡನೆ ಹರಳಿನೊಳಗಿನ ಧನ, ಋಣ ಕಣಗಳು ಸ್ಥಾನದಿಂದ ತುಸು ಸರಿದು, ಒಂದು ಬದಿಯಲ್ಲಿ ಧನವೂ ಮತ್ತೊಂದು ಬದಿಯಲ್ಲಿ ಋಣವೂ ಹೆಚ್ಚಾಗುವುದು. ಅದೇ ಕಿಡಿಯಾಗಿ ಹಾರುವುದು. ಉಪ್ಪಿನ ಹರಳನ್ನು ಎಷ್ಟು ಒತ್ತಿದರೂ ಹೀಗಾಗದು. ಅದರ ಸಾಲುಗಳು ಎಲ್ಲ ಕಡೆಗೂ ಸರಿಸಮವಾಗಿರುವುದರಿಂದ ಒಂದರ ಸರಿತವನ್ನು ಮತ್ತೊಂದು ಅಳಿಸಿಬಿಡುವುದು. ಈ ಗುಣವನ್ನು ೧೮೮೦ರಲ್ಲಿ ಫ್ರಾನ್ಸ್ ದೇಶದ ಜಾಕ್ ಕ್ಯೂರಿ, ಪಿಯೆರ್ ಕ್ಯೂರಿ ಎಂಬ ಸಹೋದರರು ಕಂಡುಹಿಡಿದರು. ಅವರು ಪರೀಕ್ಷಿಸಿದ ಹರಳುಗಳಲ್ಲಿ ಬೆಣಚುಕಲ್ಲೂ ಇತ್ತು, ಕಬ್ಬಿನ ಸಕ್ಕರೆಯೂ ಇತ್ತು, ರೋಷೆಲ್ ಉಪ್ಪೆಂಬುದೂ ಇತ್ತು.

ಈ ರೋಷೆಲ್ ಉಪ್ಪನ್ನು ನಮ್ಮ ಹತ್ತನೆಯ ತರಗತಿಯವರು ತಾವೇ ಮಾಡುವರು. ನಮ್ಮ ಸೀಮೆಯ ಹುಣಿಸೆಯ ಹುಳಿಗೆ ಕಾರಣವಾದ ಟಾರ್ಟಾರಿಕ್ ಆಮ್ಲದ ಲವಣವೇ ಅದು. ಬೇಕರಿಯ ಸಾಮಾನಿನ ಅಂಗಡಿಯಲ್ಲಿ ದೊರೆಯುವ ಕ್ರೀಮ್ ಆಫ್ ಟಾರ್ಟರ್ ಎಂಬ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ, ಬಟ್ಟೆಸೋಡವನ್ನು ಸ್ವಲ್ಪಸ್ವಲ್ಪವಾಗಿ ನೊರೆ ನಿಲ್ಲುವವರೆಗೆ ಸೇರಿಸಿ, ಸೋಸಿ, ತಂಪಾದ ಸ್ಥಳದಲ್ಲಿಟ್ಟರೆ ಕೆಲವು ದಿನಗಳಲ್ಲಿ ನೀಳವಾದ ಹರಳುಗಳು ಬೆಳೆಯುವುವು. ಒಂದು ಒಳ್ಳೆಯ ಹರಳಿನ ಎರಡು ಬದಿಗೂ ಲೋಹದ ತೆಳುಹಾಳೆಯನ್ನು ಒತ್ತಿ, ತಂತಿಗಳಿಂದ ಅಂಕಿ ತೋರಿಸುವ ಮೀಟರಿಗೆ ಸೇರಿಸಿ, ಮರದ ತುಂಡಿನಿಂದ ಮೆಲ್ಲಗೆ ತಟ್ಟಿದಾಗ ಅಂಕಿಗಳು ಚಿಮ್ಮುವುವು. ತಾನೇ ಬೆಳೆಸಿದ ಹರಳು ವಿದ್ಯುತ್ತನ್ನು ಕೊಟ್ಟಿತೆಂಬ ಸಂತೋಷವನ್ನು ಆ ಹುಡುಗಿಯರ ಮುಖದಲ್ಲಿ ನೋಡಬೇಕು.

ಇದಕ್ಕೆ ತಿರುಗುಮುರುಗಾಗಿ, ಬೆಣಚುಕಲ್ಲಿನ ಹರಳಿಗೆ ವಿದ್ಯುತ್ತನ್ನು ಕೊಟ್ಟರೆ ಅದು ಕಂಪಿಸುವುದು. ಕೈಗಡಿಯಾರದಲ್ಲಿರುವ ಸಣ್ಣ ಹರಳು ಸೆಕೆಂಡಿಗೆ ೩೨,೭೬೮ ಸಲ ಕಂಪಿಸುವುದು. ಈ ವಿಚಿತ್ರ ಸಂಖ್ಯೆಯೇಕೆಂದು ಲೆಕ್ಕದ ಉಪಾಧ್ಯಾಯಿನಿಯವರು ಕೇಳುವರು. ಅದನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ೧ ಉಳಿಯುವುದು. ಅದೇ ಒಂದು ಸೆಕೆಂಡು. ನಮ್ಮ ತುಮಕೂರಿನ ಎಚ್.ಎಂ.ಟಿ. ಕಾರ್ಖಾನೆಯಲ್ಲಿ ಇಂತಹ ಗಡಿಯಾರಗಳೂ ತಯಾರಾಗುತ್ತಿದ್ದವು. ಆ ಕಾರ್ಖಾನೆಯು ೨೦೧೬ರಲ್ಲಿ ಮುಚ್ಚಿತಾದರೂ, ಅಲ್ಲಿ ತಯಾರಾದ ಗಡಿಯಾರಗಳು ಇಂದಿಗೂ ಕೆಲವರ ಮನೆಗಳಲ್ಲಿ ಇರಬಹುದು.

ಪಾವಗಡದ ಬಿಸಿಲು

ಬೆಣಚುಕಲ್ಲಿನಲ್ಲಿ ಇರುವುದು ಸಿಲಿಕಾನ್ ಮತ್ತು ಆಮ್ಲಜನಕ. ಕುಲುಮೆಯಲ್ಲಿ ಆಮ್ಲಜನಕವನ್ನು ಬೇರ್ಪಡಿಸಿ, ಉಳಿದ ಸಿಲಿಕಾನನ್ನು ಬಹಳವಾಗಿ ಶುದ್ಧಮಾಡಿ, ೧,೪೧೪ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗಿಸುವರು. ಆ ಕರಗಿದ ರಾಶಿಗೆ ಸಿಲಿಕಾನಿನ ಒಂದು ಬೀಜದ ಹರಳನ್ನು ತಾಗಿಸಿ, ತಿರುಗಿಸುತ್ತ, ಬಹು ನಿಧಾನವಾಗಿ ಮೇಲಕ್ಕೆ ಎಳೆದರೆ, ಅದಕ್ಕೆ ಅಂಟಿಕೊಂಡೇ ಕಂಬದಂತಹ ಒಂದೇ ಹರಳು ಬೆಳೆದು ಬರುವುದು. ೧೯೧೬ರಲ್ಲಿ ಚೋಕ್ರಾಲ್ಸ್ಕಿ ಎಂಬ ಪೋಲಿಷ್ ವಿಜ್ಞಾನಿಯು ಲೋಹಗಳಲ್ಲಿ ಕಂಡ ವಿಧಾನವಿದು. ಪಟಿಕದ ಲೋಟದಲ್ಲಿ ದಾರಕ್ಕೆ ಬೀಜವನ್ನು ಕಟ್ಟಿದ ಹುಡುಗಿ ಇದನ್ನು ಕೇಳಿದೊಡನೆಯೇ ತಿಳಿದುಕೊಳ್ಳುವಳು.

ಆ ಕಂಬವನ್ನು ಹಪ್ಪಳದಂತೆ ತೆಳುವಾಗಿ ಸೀಳಿ, ಅತಿ ಸ್ವಲ್ಪ ಬೋರಾನ್, ರಂಜಕಗಳನ್ನು ಸೇರಿಸಿದರೆ ಸೌರಕೋಶವಾಗುವುದು. ಬೆಳಕು ಬಿದ್ದಾಗ ಬಿಡುಗಡೆಯಾದ ಎಲೆಕ್ಟ್ರಾನುಗಳು ಒಂದೇ ದಿಕ್ಕಿಗೆ ಹರಿಯುವುವು. ಒಂದು ಕೋಶದಿಂದ ಸುಮಾರು ಅರ್ಧ ವೋಲ್ಟು ಮಾತ್ರ ದೊರೆಯುವುದು. ಆದುದರಿಂದ ಹಲವನ್ನು ಸರಣಿಯಾಗಿ ಜೋಡಿಸುವರು. ಅಂಗೈಯಗಲದ ಫಲಕವೊಂದನ್ನು ಅಂಗಳದಲ್ಲಿಟ್ಟು, ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ಮೀಟರನ್ನು ನೋಡಿ ಬರೆಯುವುದು, ಫಲಕವನ್ನು ಬಾಗಿಸಿ ನೋಡುವುದು, ಒಂದು ಮೂಲೆಗೆ ನೆರಳು ಮಾಡಿ ನೋಡುವುದು, ಧೂಳು ಚೆಲ್ಲಿ ಮತ್ತೆ ಒರೆಸಿ ನೋಡುವುದು, ಇವು ನಮ್ಮ ಪ್ರಯೋಗಗಳು.

ಈ ಸಣ್ಣ ಫಲಕದ ದೊಡ್ಡ ರೂಪವು ನಮ್ಮ ನೆರೆಯ ತಾಲ್ಲೂಕಿನಲ್ಲಿಯೇ ಇದೆ. ಬರಗಾಲಕ್ಕೆ ಹೆಸರಾಗಿದ್ದ ಪಾವಗಡದಲ್ಲಿ, ತಿರುಮಣಿಯ ಸುತ್ತಿನ ಐದು ಗ್ರಾಮಗಳ ಸುಮಾರು ೧೩,೦೦೦ ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು ಸ್ಥಾಪಿಸಿದ ಸೌರ ಉದ್ಯಾನವು ೨೦೧೮ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಅದರ ಸಾಮರ್ಥ್ಯ ೨,೦೫೦ ಮೆಗಾವ್ಯಾಟು. ಇಂದು ಲೋಕದಲ್ಲಿ ತಯಾರಾಗುವ ಸೌರಫಲಕಗಳಲ್ಲಿ ಬಹುಪಾಲು ಸಿಲಿಕಾನ್ ಹರಳಿನವೇ.

ಈ ಸಂದರ್ಭದಲ್ಲಿ ನಮ್ಮ ಹುಡುಗಿಯರಿಗೆ ನಾನು ತಪ್ಪದೆ ಹೇಳುವ ಹೆಸರೊಂದುಂಟು. ತಿರುವಾಂಕೂರಿನ ಪೀರುಮೇಡಿನಲ್ಲಿ ೧೯೧೮ರಲ್ಲಿ ಹುಟ್ಟಿದ ಅಣ್ಣಾ ಮಣಿಯವರು ೧೯೪೦ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಸರ್ ಸಿ. ವಿ. ರಾಮನ್ನರ ಪ್ರಯೋಗಶಾಲೆಯಲ್ಲಿ ವಜ್ರ, ಮಾಣಿಕ್ಯಗಳ ಹರಳುಗಳ ಮೇಲೆ ಬೆಳಕನ್ನು ಹಾಯಿಸಿ ಪರೀಕ್ಷಿಸಿದರು. ಎಂ.ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಅವರ ಪ್ರಬಂಧಕ್ಕೆ ಡಾಕ್ಟರೇಟು ದೊರೆಯಲಿಲ್ಲ. ಅವರು ಅದಕ್ಕಾಗಿ ಕೆಲಸವನ್ನು ಬಿಡಲಿಲ್ಲ. ೧೯೪೮ರಲ್ಲಿ ಪುಣೆಯ ಹವಾಮಾನ ಇಲಾಖೆಯನ್ನು ಸೇರಿ, ಉಪಕರಣಗಳನ್ನು ನಮ್ಮ ದೇಶದಲ್ಲಿಯೇ ತಯಾರಿಸುವ ಕಾರ್ಯವನ್ನು ಮುನ್ನಡೆಸಿ, ದೇಶದ ನಾನಾ ಕಡೆಗಳಲ್ಲಿ ಬೀಳುವ ಬಿಸಿಲನ್ನು ಅಳೆದು, ೧೯೮೦ರಲ್ಲಿ ಅದರ ಕೈಪಿಡಿಯನ್ನು ಪ್ರಕಟಿಸಿದರು. ಎಲ್ಲಿ ಎಷ್ಟು ಬಿಸಿಲು ಬೀಳುವುದೆಂದು ತಿಳಿಯದೆ ಸೌರಶಕ್ತಿಯ ಕೆಲಸಕ್ಕೆ ಕೈಹಾಕುವಂತಿಲ್ಲ. ಹರಳಿನಿಂದ ಆರಂಭಿಸಿದ ಒಬ್ಬ ಹೆಣ್ಣುಮಗಳು ಬಿಸಿಲಿನ ಲೆಕ್ಕವನ್ನು ದೇಶಕ್ಕೆ ಕೊಟ್ಟರು.

ನೀರಿನ ಪಾಠ

ಕೊನೆಯದಾಗಿ, ನಮ್ಮ ಬಾಯಿಯಲ್ಲಿಯೇ ಇರುವ ಹರಳಿನ ವಿಷಯ. ಹಲ್ಲಿನ ಮೇಲಿನ ಗಟ್ಟಿಯಾದ ಪದರವು ಸುಣ್ಣ, ರಂಜಕಗಳ ಅಂಶಗಳಿಂದಾದ ಸೂಕ್ಷ್ಮ ಹರಳುಗಳ ನೇಯ್ಗೆ. ಅದರ ಸಾಲುಗಳಲ್ಲಿರುವ ಒಂದು ಬಗೆಯ ಕಣದ ಸ್ಥಾನಕ್ಕೆ ಫ್ಲೋರೈಡ್ ಎಂಬ ಕಣವು ಬಂದು ಕೂಡಬಲ್ಲುದು. ಸ್ವಲ್ಪವಾದರೆ ಹಲ್ಲಿಗೆ ಬಲ. ಹಲ್ಲು ಬೆಳೆಯುವ ಎಳೆಯ ವಯಸ್ಸಿನಲ್ಲಿ ಅತಿಯಾದರೆ ಪದರದ ನೇಯ್ಗೆ ಕೆಟ್ಟು, ಬಿಳಿಯ ಮಚ್ಚೆಗಳೂ ಕಂದು ಗೆರೆಗಳೂ ಮೂಡುವುವು. ಬಹುಕಾಲ ಅಂತಹ ನೀರನ್ನೇ ಕುಡಿದರೆ ಮೂಳೆ, ಕೀಲುಗಳಿಗೂ ಹಾನಿ. ಈ ಫ್ಲೋರೈಡ್ ಬರುವುದು ನಾವು ಮೊದಲ ಪಾಠದಲ್ಲಿ ನೋಡಿದ ಬೆಟ್ಟದ ಜಾತಿಯ ಕಲ್ಲಿನಿಂದಲೇ. ಕರಿಯ ಕಾಗೆಬಂಗಾರ ಮೊದಲಾದ ಖನಿಜಗಳಿಂದ ಅದು ಆಳದ ನೀರಿಗೆ ಇಳಿಯುವುದು. ಪಾವಗಡದ ಕೊಳವೆಬಾವಿಗಳ ನೀರು ಈ ದೋಷಕ್ಕೆ ಹೆಸರಾಗಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ೧ ಮಿಲಿಗ್ರಾಮನ್ನು ಮೀರಬಾರದು, ಬೇರೆ ನೀರು ಇಲ್ಲದ ಕಡೆ ಹೆಚ್ಚೆಂದರೆ ೧.೫ ಎಂಬುದು ನಮ್ಮ ದೇಶದ ಪ್ರಮಾಣ.

ಹುಡುಗಿಯರು ತಮ್ಮ ತಮ್ಮ ಊರುಗಳಿಂದ ಸೀಸೆಗಳಲ್ಲಿ ನೀರನ್ನು ತರುವರು. ಪರೀಕ್ಷಾಪೆಟ್ಟಿಗೆಯ ನಸುಗೆಂಪು ದ್ರವವನ್ನು ಸೇರಿಸಿದರೆ, ಫ್ಲೋರೈಡ್ ಹೆಚ್ಚಿದಷ್ಟೂ ಬಣ್ಣವು ಹಳದಿಯ ಕಡೆಗೆ ತಿರುಗುವುದು. ಒಂದು ವರ್ಷ, ನಗುವಾಗಲೆಲ್ಲ ಸೆರಗನ್ನೋ ಪುಸ್ತಕವನ್ನೋ ಬಾಯಿಗೆ ಅಡ್ಡ ಹಿಡಿಯುತ್ತಿದ್ದ ಹುಡುಗಿಯೊಬ್ಬಳ ಸೀಸೆಯ ನೀರು ಪೂರ್ಣವಾಗಿ ಹಳದಿಯಾಯಿತು. ಅವಳು ಬಹಳ ಹೊತ್ತು ಅದನ್ನು ನೋಡಿ, "ಹಾಗಾದರೆ ನಾನು ಹಲ್ಲುಜ್ಜುವುದಿಲ್ಲವೆಂದು ಎಲ್ಲರೂ ಅಂದದ್ದು ಸುಳ್ಳಲ್ಲವೇ ಮೇಡಂ?" ಎಂದು ಕೇಳಿದಳು. ಸುಳ್ಳೆಂದು ನಾನು ಹೇಳಿದೆನು. ಅವಳಿಗೆ ಆ ದಿನ ದೊರೆತುದಕ್ಕೆ ಯಾವ ಪರೀಕ್ಷೆಯಲ್ಲಿಯೂ ಮಾರ್ಕಿಲ್ಲ.

ಪೋಷಕರು ಗಮನಿಸಬೇಕಾದ ಕೆಲವು ಮಾತುಗಳು: ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಹೆಚ್ಚಾಗುವುದು. ಮಳೆಯ ನೀರಿನಲ್ಲಿ ಅದು ಇಲ್ಲವೆಂಬಷ್ಟು ಕಡಿಮೆ. ಶುಚಿಯಾಗಿ ಹಿಡಿದಿಟ್ಟರೆ ಕುಡಿಯಲು ಉತ್ತಮ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯವರು ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕವನ್ನೂ ಸುಣ್ಣವನ್ನೂ ಬಳಸಿ ಫ್ಲೋರೈಡನ್ನು ತಗ್ಗಿಸುವರು. ಆದರೆ ಅದರ ಅಳತೆಯನ್ನು ನೀರಿನ ಪರೀಕ್ಷೆಯಿಂದಲೇ ನಿರ್ಣಯಿಸಬೇಕಾದುದರಿಂದ ಮನೆಯಲ್ಲಿ ಅಂದಾಜಿನಿಂದ ಮಾಡಕೂಡದು.

ಆರಂಭದಲ್ಲಿ ಹೇಳಿದ ತಂದೆಯವರು ಈ ವರ್ಷದ ಸಭೆಗೂ ಬಂದಿದ್ದರು. ಮಗಳು ಹೇಳಿಕೊಟ್ಟಂತೆ ತೊಳೆದ ಸೀಸೆಯೊಂದರಲ್ಲಿ ತಮ್ಮ ಬೀದಿಯ ಕೊಳವೆಬಾವಿಯ ನೀರನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಮಾರ್ಕಿನ ಮಾತು ಬರಲಿಲ್ಲ. ಆ ನೀರನ್ನು ಅವರ ಮಗಳೇ ಅವರೆದುರಿಗೆ ಪರೀಕ್ಷಿಸಿ, ಫಲವನ್ನು ಕಂಡಂತೆ ಬರೆದುಕೊಟ್ಟಳು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಶಿರಾ, ಕೊರಟಗೆರೆ, ಪಾವಗಡದ ಕಡೆಗಳಲ್ಲಿ ಗೃಹಿಣಿಯರಾಗಿ, ತಾಯಂದಿರಾಗಿ ಇದ್ದಾರೆ. ಅವರೂ ಹೀಗೆಯೇ ನೀರನ್ನು ತರಬಹುದು. ಸೀಸೆ ಗಾಜಿನದಾಗದೆ ಪ್ಲಾಸ್ಟಿಕ್ಕಿನದಾಗಿರಲಿ. ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿರಲಿ. ಊರು, ಬಾವಿ, ತಾರೀಖುಗಳನ್ನು ಚೀಟಿಯಲ್ಲಿ ಬರೆದಿರಲಿ. ಪ್ರತಿ ಶನಿವಾರ ಬೆಳಗಿನ ತರಗತಿಗಳು ಮುಗಿದ ಮೇಲೆ ಪ್ರಯೋಗಶಾಲೆಯು ತೆರೆದಿರುವುದು. ಕಿಟಕಿಯ ಕಟ್ಟೆಯ ಮೇಲಿನ ಲೋಟಗಳನ್ನು ಮಾತ್ರ ಅಲುಗಿಸದಂತೆ ಬರಬೇಕೆಂದು ಪ್ರಾರ್ಥನೆ.